ಮೂವತ್ತೊಂದನೇ ಮಗು

ಒಂದು ಲೆಕ್ಕ ಹೇಳ್ತೀನಿ, ಕೇಳಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಂದು ಅನುದಾನ ಇದೆ. ಸೀಮೆಸುಣ್ಣ, ಹಾಜರಿ ಪುಸ್ತಕ, ಸಣ್ಣಪುಟ್ಟ ರಿಪೇರಿ, ಶೌಚಾಲಯದ ಸ್ವಚ್ಛತೆ, ಎಲ್ಲ ಅದರಲ್ಲೇ ಆಗಬೇಕು. ಯೋಜನೆಯ ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ. 31ರಿಂದ 100 ಮಕ್ಕಳಿದ್ದರೆ 25,000. ಅಲ್ಲಿಂದ 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ.

ಈಗ ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಆಸುಪಾಸಿನ ಒಂದು ಸಣ್ಣ ಊರು ಅಂತ ಇಟ್ಕೊಳ್ಳಿ. ಕನ್ನಡ ಸಾಲಿಯಲ್ಲಿ 31 ಮಕ್ಕಳಿದ್ದಾರೆ. ಒಂದು ಮನೆಯವರು ದುಡಿಯೋಕೆ ಬೇರೆ ಊರಿಗೆ ಹೋದರು, ಒಂದು ಮಗು ಕಡಿಮೆಯಾಯಿತು. ಅನುದಾನ 25,000ದಿಂದ 10,000ಕ್ಕೆ ಇಳಿಯಿತು. ಹೋಗಿದ್ದು ಒಂದು ಮಗು, ಅದರ ಹಿಂದೆ ಹೋಗಿದ್ದು 15,000. ಉಳಿದ ಹಣದಲ್ಲಿ ತಿಂಗಳಿಗೆ 833 ರೂಪಾಯಿ ಬೀಳುತ್ತೆ. ಶಾಲೆಯ ಗೋಡೆಗೆ, ಸೋರುವ ಮಾಡಿಗೆ ಮಕ್ಕಳ ಸಂಖ್ಯೆ ಇಳಿದಿದ್ದು ಗೊತ್ತಾಗಲ್ಲ ಅಲ್ವಾ? ಮೂವತ್ತು ಮಕ್ಕಳಿದ್ದಾಗಲೂ ಅದು ಅಷ್ಟೇ ಸೋರುತ್ತೆ.

ಮಾಡು ಸೋರುವ ಶಾಲೆಯಿಂದ ಇನ್ನೊಂದಿಷ್ಟು ಮಕ್ಕಳು ಹಳದಿ ವ್ಯಾನು ಹತ್ತುತ್ತಾರೆ. ಸಂಖ್ಯೆ ಇಳಿದಷ್ಟೂ ಶಿಕ್ಷಕರ ಹುದ್ದೆಯೂ ಇಳಿಯುತ್ತೆ. ಇಂಜಿನಿಯರಿಂಗ್ ಓದುವಾಗ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇತ್ತು. ಬೀಳುತ್ತಿರುವುದನ್ನು ಇನ್ನಷ್ಟು ಬೀಳಿಸುವ ಇಂಥ ಸುತ್ತಿಗೆ ಅಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಯಂತ್ರದಲ್ಲಿ ಇದು ಕಂಡರೆ ವಿನ್ಯಾಸ ಬದಲಿಸುತ್ತಾರೆ. ಶಾಲೆಯಲ್ಲಿ ಕಂಡರೆ "ಕಡಿಮೆ ದಾಖಲಾತಿ ಶಾಲೆ" ಅಂತ ಪಟ್ಟಿಗೆ ಸೇರಿಸುತ್ತಾರೆ.

ಇದು ಇವತ್ತಿನ ಸರ್ಕಾರ, ನಿನ್ನೆಯ ಸರ್ಕಾರ ಕಂಡುಹಿಡಿದ ಪದ್ಧತಿ ಅಂತ ತಿಳಿಯಬೇಡಿ. ಬೇರು 160 ವರ್ಷ ಹಿಂದಿದೆ.

ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿದ್ದವು. ಊರಲ್ಲಿ ಶಾಲೆ ಅಂದರೆ ಐಗಳ ಮಠ. ಮರಳಿನ ಮೇಲೆ ಅಕ್ಷರ ತಿದ್ದಿಸೋದು, ಕಾಳುಕಡಿ ತಗೊಂಡು ಕಲಿಸೋದು. 1854ರಲ್ಲಿ ಲಂಡನ್ನಿನಿಂದ ವುಡ್ ಸಾಹೇಬನ ಶಿಕ್ಷಣ ಆದೇಶ ಬಂತು. ಖಾಸಗಿಯವರು ನಡೆಸುವ ಶಾಲೆಗಳಿಗೆ ಸರ್ಕಾರ ಅನುದಾನ ಕೊಡಬೇಕು ಅನ್ನುವ ಮಾತು ಅದರಲ್ಲಿತ್ತು. ದುಡ್ಡು ಎಲ್ಲಿಂದ ತರೋದು? 1863ರ ಸುಮಾರಿಗೆ ಮುಂಬೈ ಸರ್ಕಾರ ಭೂಕಂದಾಯದ ಪ್ರತಿ ರೂಪಾಯಿ ಮೇಲೆ ಒಂದು ಆಣೆ ಲೋಕಲ್ ಫಂಡ್ ಕರ ಹಾಕಿತು. ಅದರ ಮೂರನೇ ಒಂದು ಭಾಗ ಶಿಕ್ಷಣಕ್ಕೆ.

ಅಂದರೆ ನೂರು ರೂಪಾಯಿ ಕಂದಾಯ ಕಟ್ಟುವ ರೈತ 6 ರೂಪಾಯಿ 4 ಆಣೆ ಹೆಚ್ಚುವರಿ ಕಟ್ಟಬೇಕು. ಅದರಲ್ಲಿ 2 ರೂಪಾಯಿ 1 ಆಣೆ 4 ಪೈ ಶಾಲೆಗೆ ಹೋಗುತ್ತೆ. ತನ್ನ ಊರಲ್ಲಿ ಶಾಲೆ ಇರಲಿ, ಇಲ್ಲದಿರಲಿ, ಕರ ತಪ್ಪಲ್ಲ. ಹತ್ತಿ ಬೆಳೆದವನೂ ಕಟ್ಟಿದ, ಜೋಳ ಬೆಳೆದವನೂ ಕಟ್ಟಿದ.

ಇನ್ನು ಖಾಸಗಿ ಶಾಲೆಗಳ ಅನುದಾನದ ಕಥೆ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ ಹೊಸ ನಿಯಮ ತಂದಿದ್ದ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು, ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಬೇಕು, ಪಾಸಾದ ತಲೆಗೆ ಇಷ್ಟು ಅಂತ ಶಾಲೆಗೆ ಹಣ. ಫಲಿತಾಂಶಕ್ಕೆ ತಕ್ಕ ಪಾವತಿ. 1860ರ ದಶಕದಲ್ಲೇ ಮುಂಬೈ ಪ್ರಾಂತ್ಯವೂ ಇದನ್ನು ಅನುದಾನದ ನಿಯಮವಾಗಿ ಒಪ್ಪಿಕೊಂಡಿತು. ಕೇಳೋಕೆ ನ್ಯಾಯವಾಗೇ ಇದೆ. ಕೆಲಸ ಮಾಡಿದವನಿಗೆ ಕೂಲಿ, ತಪ್ಪೇನು?

ಇಂಗ್ಲೆಂಡಿನಲ್ಲೇ ಏನಾಯಿತು ನೋಡಿ. ಕವಿ ಮ್ಯಾಥ್ಯೂ ಆರ್ನಾಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ. ಪಾಠ ಯಾಂತ್ರಿಕವಾಗುತ್ತಿದೆ, ಪರೀಕ್ಷೆಗೆ ಬೇಕಾದಷ್ಟೇ ಕಲಿಸುತ್ತಿದ್ದಾರೆ ಅಂತ ತನ್ನ ವರದಿಗಳಲ್ಲಿ ವರ್ಷ ವರ್ಷವೂ ಬರೆದ. ಶಿಕ್ಷಕ ಲೆಕ್ಕ ಹಾಕುತ್ತಾನೆ: ಈ ಹುಡುಗ ಪಾಸಾಗ್ತಾನೆ, ಇವನ ಮೇಲೆ ಶ್ರಮ ಹಾಕೋಣ, ಆ ಹುಡುಗಿ ಆಗಲ್ಲ, ಬಿಡೋಣ. ಯಾರಿಗೆ ಶಾಲೆ ಹೆಚ್ಚು ಬೇಕೋ ಆ ಮಗು ಲೆಕ್ಕದಿಂದಲೇ ಹೊರಗೆ.

ನಮ್ಮ ಕಡೆ ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೀತಿತ್ತು. ಧಾರವಾಡದ ಸರ್ಕಾರಿ ಶಾಲೆಗಳಲ್ಲಿ ಮರಾಠಿ ತುಂಬಿಕೊಂಡಿದ್ದ ಕಾಲ. ಕನ್ನಡದ ಮಕ್ಕಳಿಗೆ ಮನೆಯಲ್ಲೊಂದು ಭಾಷೆ, ಪುಸ್ತಕದಲ್ಲೊಂದು ಭಾಷೆ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕಲಿಸಬೇಕು ಅಂತ ಹಟ ಹಿಡಿದು ಕೆಲಸ ಮಾಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಬೆನ್ನಿಗೆ ನಿಂತವನು ಶಿಕ್ಷಣ ಇಲಾಖೆಯ ರಸೆಲ್ ಸಾಹೇಬ. ಮೊದಲು ಮಾಸ್ತರರನ್ನು ತಯಾರು ಮಾಡಿದರು, ಪುಸ್ತಕ ಬರೆಸಿದರು, ಶಾಲೆ ತೆರೆಸಿದರು. ಮಕ್ಕಳು ಪಾಸಾಗಲಿ, ಆಮೇಲೆ ಮಾಸ್ತರನ್ನು ಕಳಿಸೋಣ ಅಂತ ಕೂತಿದ್ದರೆ ಈ ಭಾಗದಲ್ಲಿ ಕನ್ನಡ ಸಾಲಿ ಎಷ್ಟು ತಡವಾಗುತ್ತಿತ್ತೋ! 1881ರಲ್ಲಿ ಚನ್ನಬಸಪ್ಪನವರು ತೀರಿಕೊಂಡರು.

ಮರುವರ್ಷ ಹಂಟರ್ ಶಿಕ್ಷಣ ಆಯೋಗ ಬಂತು. ಅದರ ಮುಂದೆ 1882ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಒಂದು ಮನವಿ ಹೋಯಿತು. ಕೊಟ್ಟವರು ಜೋತಿಬಾ ಫುಲೆ. ಫುಲೆ ಅಂದರೆ ಹೆಣ್ಣುಮಕ್ಕಳ ಶಾಲೆ ಅಂತ ಎಲ್ಲರಿಗೂ ಗೊತ್ತು. ಅನುದಾನದ ನಿಯಮದ ಬಗ್ಗೆ ಅವರು ಹೇಳಿದ್ದನ್ನು ನೆನಪಿಸಿಕೊಳ್ಳುವವರು ಕಡಿಮೆ. ಓದಿನ ರುಚಿಯೇ ಇನ್ನೂ ಹತ್ತದ ಬಡಜನರ ನಡುವೆ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಕೆಲಸಕ್ಕೆ ಬರಲ್ಲ, ಹೊಟ್ಟೆ ತುಂಬದ ಕಡೆ ಯಾವ ಮಾಸ್ತರೂ ತಾನಾಗಿ ಶಾಲೆ ತೆರೆಯಲ್ಲ ಅನ್ನುವುದು ಅವರ ವಾದ. ರೈತರ ಬೆವರಿನಿಂದ ಬಂದ ಹಣ ಮೇಲ್ವರ್ಗದ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ ಅಂತಲೂ ನೇರವಾಗಿ ಹೇಳಿದರು.

ಆಯೋಗ ಏನು ಮಾಡಿತು ಗೊತ್ತಾ? ಕಾಲೇಜುಗಳಿಗೆ ಈ ಪದ್ಧತಿ ಬೇಡ, ಪ್ರಾಥಮಿಕ ಶಾಲೆಗಳಿಗೆ ಇರಲಿ ಅಂದಿತು. ಓದಿದವರ ಮಕ್ಕಳಿಗೆ ರಿಯಾಯಿತಿ, ಓದದವರ ಮಕ್ಕಳಿಗೆ ಪರೀಕ್ಷೆ. ಕೊನೆಗೆ ಇದನ್ನು ಕೈಬಿಡಬೇಕು ಅಂತ ಸರ್ಕಾರ ಒಪ್ಪಿದ್ದು 1904ರಲ್ಲಿ, ಕರ್ಜನ್ ಕಾಲದ ಶಿಕ್ಷಣ ನೀತಿಯಲ್ಲಿ. ಫುಲೆ ತೀರಿಕೊಂಡು ಆಗಲೇ 14 ವರ್ಷ ಆಗಿತ್ತು.

ಸ್ವಾತಂತ್ರ್ಯ ಬಂತು, 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದುಳಿದ ಶಾಲೆಯನ್ನೇ ಹುಡುಕಿ ಹಣ ಕೊಡುವ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲ ಅಂದರೆ ತಪ್ಪಾಗುತ್ತೆ. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಅಂತ ಗುರಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು 1990ರ ದಶಕದ ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ. ಮಹಿಳಾ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆ ಇದೆಯಾ, ಹಾಗಾದರೆ ಆ ಜಿಲ್ಲೆಗೆ ಮೊದಲು ಹಣ ಅನ್ನುವುದು ಅದರ ಮುಖ್ಯ ಮಾನದಂಡ. ಎರಡನೇ ಹಂತದಲ್ಲಿ ಧಾರವಾಡವೂ ಇತ್ತು. ಆ ಹೊತ್ತಿಗೇ, 1997ರಲ್ಲಿ, ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು.

ಡಿಪಿಇಪಿ ಹಣ ಕಟ್ಟಡಕ್ಕೂ ಹೋಯಿತು, ನಿಜ. ಜೊತೆಗೆ ಶಿಕ್ಷಕರ ತರಬೇತಿಗೆ ಹೋಯಿತು. ಇವತ್ತು ನಾವು ಬಿಆರ್‌ಸಿ, ಸಿಆರ್‌ಸಿ ಅಂತೀವಲ್ಲ, ಆ ವ್ಯವಸ್ಥೆ ಬಂದಿದ್ದೇ ಅದರಿಂದ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂತು ರೂಪಿಸಿದ ನಲಿ-ಕಲಿ ಬೇರೆ ಜಿಲ್ಲೆಗಳಿಗೆ ಹರಡಿದ್ದೂ ಇದರ ಬಲದಿಂದ. ಡೆಪ್ಯುಟಿ ಚನ್ನಬಸಪ್ಪನವರ ದಾರಿಯೇ ಅದು.

ಆಮೇಲೆ ಮತ್ತೆ ಹಳೇ ಚಾಳಿ. 2022ರಲ್ಲಿ ಕೇಂದ್ರ ಸರ್ಕಾರ ಪಿಎಂ ಶ್ರೀ ಯೋಜನೆ ಘೋಷಿಸಿತು: 14,500 ಶಾಲೆ, 27,360 ಕೋಟಿ ರೂಪಾಯಿ. ಮಾದರಿ ಶಾಲೆ ಬೇಡ ಅಂತ ನಾನು ಹೇಳ್ತಿಲ್ಲ. ಆಯ್ಕೆ ಹೇಗೆ ನೋಡಿ. ಶಾಲೆಗಳು ಸ್ಪರ್ಧೆ ಮಾಡಬೇಕು. ಗಟ್ಟಿ ಕಟ್ಟಡ ಇರಬೇಕು, ದಾಖಲಾತಿ ರಾಜ್ಯದ ಸರಾಸರಿಗಿಂತ ಹೆಚ್ಚಿರಬೇಕು. ನಮ್ಮ ಮೂವತ್ತು ಮಕ್ಕಳ ಶಾಲೆ ಅರ್ಜಿ ಹಾಕುವ ಸಾಲಿನಲ್ಲೂ ನಿಲ್ಲುವಂತಿಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೂ ಇದೇ ರಾಗ. ಫಲಿತಾಂಶ ಕಡಿಮೆಯಾದ ಶಾಲೆಗಳಿಗೆ ನೋಟಿಸು, ಅನುದಾನಿತ ಶಾಲೆಗಳಿಗೆ ಅನುದಾನ ನಿಲ್ಲಿಸುವ ಎಚ್ಚರಿಕೆ. ಆದರೆ 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. ಒಂದು ಕ್ಯಾಮೆರಾ ಇಟ್ಟರೆ ಹತ್ತು ಅಂಶ ಅಲುಗಾಡುವ ಅಂಕಿಯನ್ನು ನಂಬಿ ಯಾವ ಮಾಸ್ತರ ಸಂಬಳ ತಡೆಯೋದು?

ಹಾಗಾದರೆ ಕೊನೇ ಸಾಲಿನ ಶಾಲೆಗೆ ದುಡ್ಡು ಸುರಿದುಬಿಟ್ಟರೆ ಸಾಕಾ? ಅಮೆರಿಕ ಅದನ್ನೂ ಮಾಡಿ ನೋಡಿದೆ. 2009ರಿಂದ ಒಬಾಮಾ ಸರ್ಕಾರ ಅತ್ಯಂತ ಕೆಳಗಿನ ಶೇ 5ರಷ್ಟು ಶಾಲೆಗಳನ್ನು ಗುರಿಯಾಗಿಟ್ಟುಕೊಂಡು ಶಾಲಾ ಸುಧಾರಣೆಗೆ ಅನುದಾನ ಕೊಟ್ಟಿತು. ಒಟ್ಟು ಸುಮಾರು 700 ಕೋಟಿ ಡಾಲರ್. 2017ರಲ್ಲಿ ಅವರದೇ ಶಿಕ್ಷಣ ಇಲಾಖೆಯ ಅಧ್ಯಯನ ಬಂತು. ಮಕ್ಕಳ ಅಂಕದಲ್ಲಾಗಲಿ, ಶಾಲೆ ಮುಗಿಸಿದವರ ಸಂಖ್ಯೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಅಂತ ಅದರಲ್ಲಿ ಬರೆದಿತ್ತು.

ಇದನ್ನೇ ಹಿಡಿದುಕೊಂಡು "ನೋಡಿ, ದುಡ್ಡು ಕೊಟ್ಟರೂ ಉಪಯೋಗ ಇಲ್ಲ" ಅನ್ನುವವರಿದ್ದಾರೆ. ಆ ಹಣದ ಜೊತೆಗಿದ್ದ ಷರತ್ತುಗಳನ್ನೂ ಓದಬೇಕು. ನಾಲ್ಕು ದಾರಿಯಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಒಂದರಲ್ಲಿ ಮುಖ್ಯ ಶಿಕ್ಷಕರ ಜೊತೆ ಅರ್ಧದಷ್ಟು ಸಿಬ್ಬಂದಿಯನ್ನೂ ಬದಲಿಸಬೇಕು, ಇನ್ನೊಂದರಲ್ಲಿ ಶಾಲೆಯನ್ನೇ ಮುಚ್ಚಬೇಕು. ಹಣ ಕೆಲವೇ ವರ್ಷದ್ದು. ಹಳ್ಳಿಗಾಡಿನ ಶಾಲೆಯಲ್ಲಿ ಅರ್ಧ ಶಿಕ್ಷಕರನ್ನು ಕಳಿಸಿದರೆ ಹೊಸಬರನ್ನು ಎಲ್ಲಿಂದ ತರೋದು?

ಹಾವೇರಿ ಜಿಲ್ಲೆಗೆ 371ಜೆ ಇಲ್ಲ, ಅದು ಕಲ್ಯಾಣ ಕರ್ನಾಟಕಕ್ಕೆ ಮಾತ್ರ. ಮುಂಬೈ ಕರ್ನಾಟಕ ಅನ್ನುವ ಹೆಸರನ್ನು ಕಿತ್ತೂರು ಕರ್ನಾಟಕ ಅಂತ 2021ರಲ್ಲಿ ಬದಲಿಸಿದರು, ಹೆಸರಿನ ಜೊತೆ ಅನುದಾನ ಬರಲಿಲ್ಲ. ಹಾಗಾಗಿ ಹಲಗೇರಿ ಕಡೆಯ ಸಣ್ಣ ಶಾಲೆಗೆ ಆಗಬೇಕಾದ್ದು ಈ ಮಾಮೂಲಿ ನಿಯಮಗಳಲ್ಲೇ ಆಗಬೇಕು. ನಾನು ಕೇಳೋದು ಎರಡು. 30 ಮಕ್ಕಳ ಗೆರೆ ತೆಗೆದು, ಎಷ್ಟೇ ಸಣ್ಣ ಶಾಲೆಗೂ 25,000 ತಳಮಟ್ಟದ ಮೊತ್ತ ಅಂತ ಮಾಡಿ. ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಅನ್ನುತ್ತೆ. ಆ ಎರಡನೆಯವರನ್ನು ಅತಿಥಿಯಾಗಿ ಅಲ್ಲ, ಕಾಯಂ ಆಗಿ ಕೊಡಿ.

ಅಲ್ಲಿಯವರೆಗೆ ಪ್ರತಿ ಜೂನ್‌ನಲ್ಲಿ ಮಾಸ್ತರು, ಅಕ್ಕೋರು ಊರ ಓಣಿ ಓಣಿ ತಿರುಗುತ್ತಾರೆ, ಎಸ್‌ಡಿಎಂಸಿ ಅಧ್ಯಕ್ಷರನ್ನು ಜೊತೆಗೆ ಕರಕೊಂಡು, ಮೂವತ್ತೊಂದನೇ ಮಗುವನ್ನು ಹುಡುಕಿಕೊಂಡು.