ಹನ್ನೊಂದು ರೂಪಾಯಿಯ ಸಿಪಾಯಿ

ಚರಿತ್ರೆಯ ಪುಸ್ತಕಗಳಲ್ಲಿ ಸೈನ್ಯಗಳು ಎಲ್ಲಿಂದಲೋ ಸಿದ್ಧವಾಗಿ ಬಂದುಬಿಡುತ್ತವೆ. ಇಂಥ ಸೇನಾಪತಿ ಇಷ್ಟು ಸಾವಿರ ಕಾಲಾಳುಗಳೊಡನೆ ಇಂಥ ನದಿಯನ್ನು ದಾಟಿದನೆಂದು ನಾವು ಓದುತ್ತೇವೆ. ತರಗತಿಯಲ್ಲಿ ಹಾಗೆಯೇ ಹೇಳುತ್ತೇವೆ. ಪರೀಕ್ಷೆಯಲ್ಲಿ ಹಾಗೆಯೇ ಬರೆಸುತ್ತೇವೆ. ಆ ಸಾವಿರಗಳಲ್ಲಿ ಒಬ್ಬೊಬ್ಬನೂ ಯಾವುದೋ ಒಂದು ದಿನ ತನ್ನ ಮನೆಯ ಮುಂದೆ ಕುಳಿತು, ಹೋಗಲೋ ಬೇಡವೋ ಎಂದು ಯೋಚಿಸಿದ್ದಾನೆಂಬ ಸಂಗತಿ ನಮ್ಮ ನೆನಪಿಗೆ ಬರುವುದು ಕಡಮೆ. ಆ ಯೋಚನೆಗೆ ದಾಖಲೆಯಿಲ್ಲ. ದಾಖಲೆ ಪ್ರಾರಂಭವಾಗುವುದು ಅವನ ಹೆಸರು, ತಂದೆಯ ಹೆಸರು, ಜಾತಿ, ಊರು, ಎದೆಯ ಸುತ್ತಳತೆ ಇವುಗಳು ಪಟ್ಟಿಗೆ ಏರಿದ ಮೇಲೆ.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಇಂಡಿಯಾ ದೇಶದಿಂದ ಹೊಸದಾಗಿ ಸೇರಿದ ಯೋಧರ ಸಂಖ್ಯೆ ಸುಮಾರು 8,77,000. ಹೊರೆಯಾಳು, ಹೇಸರಗತ್ತೆಯವನು, ಅಡಿಗೆಯವನು ಮೊದಲಾದವರನ್ನೂ ಕೂಡಿಸಿದರೆ ಲೆಕ್ಕ 14 ಲಕ್ಷವನ್ನು ಮೀರುತ್ತದೆ. ಯೋಧರಲ್ಲಿ ಮೂರೂವರೆ ಲಕ್ಷಕ್ಕೆ ಕಡಮೆಯಿಲ್ಲದಷ್ಟು ಜನ ಪಂಜಾಬ್ ಪ್ರಾಂತ್ಯವೊಂದರಿಂದಲೇ ಬಂದವರು. ಇಂಡಿಯಾದಲ್ಲಿ ಕಡ್ಡಾಯ ಸೈನ್ಯಸೇವೆಯ ಶಾಸನ ಆಗಲೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಆದಕಾರಣ ಇವರೆಲ್ಲರೂ ತಮ್ಮ ಇಚ್ಛೆಯಿಂದಲೇ ಬಂದವರೆಂಬುದು ಅಂದಿನ ಸರ್ಕಾರದ ಹೆಮ್ಮೆಯ ಮಾತಾಗಿತ್ತು. ಆ ಇಚ್ಛೆ ಯಾರದು, ಎಷ್ಟು ಕಾಲ ಅದು ಇಚ್ಛೆಯಾಗಿಯೇ ಉಳಿಯಿತು ಎಂಬುದೇ ನಮ್ಮ ಇಂದಿನ ವಿಚಾರ.

ಮೈಸೂರಿನವರಾದ ನಮಗೆ ಈ ಯುದ್ಧವೆಂದೊಡನೆ ನೆನಪಾಗುವುದು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಜೋಧಪುರದ ಮತ್ತು ಮೈಸೂರಿನ ರಾವುತರು. ಅದು ಕುದುರೆಯವರ ಕಥೆ. ಅದನ್ನು ಹೇಳುವವರು ಬಹಳ ಜನ ಇದ್ದಾರೆ. ಕಾಲಾಳಿನ ಕಥೆ ಬೇರೆ. ಅವನನ್ನು ಹುಡುಕಿಕೊಂಡು ನಾವು ಪಂಜಾಬಿಗೇಕೆ ಹೋಗಬೇಕೆಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಕಾಲಾಳುಗಳೇ ಇರಲಿಲ್ಲವೆ? ಧಾರಾಳವಾಗಿ ಇದ್ದರು. ಕಂದಾಚಾರದ ಸಿಪಾಯಿಗಳು ಉಳುವವರೂ ಆಗಿದ್ದರು, ಕಾದುವವರೂ ಆಗಿದ್ದರು. 1803ರಲ್ಲಿ ಅಸ್ಸಾಯೆಯ ಕಾಳಗದಲ್ಲಿ ವೆಲ್ಲೆಸ್ಲಿಯ ಕೈಕೆಳಗೆ ಮರಾಟರ ಫಿರಂಗಿಗಳಿಗೆ ಎದುರಾಗಿ ನಡೆದ ದೇಶೀ ಕಾಲ್ದಳಗಳು ಮದರಾಸಿನವು; ಆ ದಿನದ ಗುರುತಾಗಿ ಅವುಗಳಿಗೆ ಆನೆಯ ಚಿಹ್ನೆ ದೊರೆಯಿತು. ಆದರೆ 1881ರಿಂದ 1885ರವರೆಗೆ ಮದರಾಸಿನಲ್ಲಿ ದಂಡನಾಯಕನಾಗಿದ್ದು, ಬಳಿಕ ಇಡೀ ಇಂಡಿಯಾಕ್ಕೆ ದಂಡನಾಯಕನಾದ ರಾಬರ್ಟ್ಸನು, ದಕ್ಷಿಣದವರು ದೀರ್ಘಕಾಲದ ಶಾಂತಿಯಿಂದ ಮೆತ್ತಗಾದರೆಂದೂ, ಯುದ್ಧಕ್ಕೆ ತಕ್ಕ ಕುಲಗಳಿರುವುದು ಉತ್ತರದಲ್ಲೆಂದೂ ತೀರ್ಮಾನಿಸಿದನು. ಮದರಾಸಿನ ದಳಗಳು ಒಂದೊಂದಾಗಿ ಕರಗಿದುವು. ಕೆಲವು ಹೆಸರನ್ನು ಮಾತ್ರ ಉಳಿಸಿಕೊಂಡು ಒಳಗೆಲ್ಲ ಪಂಜಾಬಿನವರಾದುವು. ಕೊಡಗಿನವರಿಗಾಗಿ 1902ರಲ್ಲಿ ಏರ್ಪಡಿಸಿದ ಒಂದು ರೈಫಲ್ ದಳ 1904ರಲ್ಲಿಯೇ ಮುಚ್ಚಿಹೋಯಿತು. ಹೀಗಾಗಿ 1914ರಲ್ಲಿ ನಮ್ಮ ಹಳ್ಳಿಯ ಹುಡುಗನಿಗೆ ಹೋಗಲೋ ಬೇಡವೋ ಎಂಬ ಪ್ರಶ್ನೆ ಹುಟ್ಟುವುದೇ ವಿರಳವಾಯಿತು. ಅವನ ಪರವಾಗಿ ಉತ್ತರವನ್ನು ಬೇರೊಬ್ಬರು ಮೂವತ್ತು ವರ್ಷ ಮುಂಚೆಯೇ ಬರೆದಿಟ್ಟಿದ್ದರು.

ಈಗ ಪಂಜಾಬಿಗೆ ಬರೋಣ. ಇಂದು ಪಾಕಿಸ್ತಾನದಲ್ಲಿರುವ ಝೀಲಂ, ರಾವಳ್ಪಿಂಡಿ, ಅಟಕ್ ಪ್ರದೇಶಗಳು ಉಪ್ಪಿನ ಬೆಟ್ಟಗಳ ಸುತ್ತಿನ ಬೀಳುನೆಲ. ಅಲ್ಲಿ ಕಾಲುವೆಯ ನೀರಿಲ್ಲ; ಮಳೆ ಬಂದರೆ ಗೋಧಿ, ಬಾರದಿದ್ದರೆ ಸಾಲ. ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ಯಾರಿಗೂ ಸಾಲದಷ್ಟು ಭೂಮಿ. ಇಂಥ ಮನೆಯಲ್ಲಿ ಒಬ್ಬ ಮಗ ಸೈನ್ಯಕ್ಕೆ ಹೋಗುವುದು ಸಾಹಸವೂ ಅಲ್ಲ, ರಾಜಭಕ್ತಿಯೂ ಅಲ್ಲ. ಅದೊಂದು ಬೇಸಾಯದ ಉಪಾಯ. ಒಂದು ಬಾಯಿ ಕಡಮೆಯಾಗುತ್ತದೆ, ತಿಂಗಳಿಗಿಷ್ಟು ನಗದು ಮನೆಗೆ ಬರುತ್ತದೆ.

ಎಷ್ಟು ನಗದು? ಯುದ್ಧ ಪ್ರಾರಂಭವಾದಾಗ ಕಾಲ್ದಳದ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಶಾಂತಿಯ ಕಾಲದಲ್ಲಿ ಊಟದ ಖರ್ಚನ್ನು ಅವನು ಇದರೊಳಗೇ ನೋಡಿಕೊಳ್ಳಬೇಕಾಗಿತ್ತು. ಹಾಗಾದರೆ ಅವನು ರಾವುತನೇಕೆ ಆಗಲಿಲ್ಲ? ನಮ್ಮ ಮೈಸೂರಿನವರಿಗೆ ಶಿಲೇದಾರಿಯೆಂಬುದು ತಿಳಿದ ಪದ್ಧತಿಯೇ. ಬ್ರಿಟಿಷ್ ಇಂಡಿಯಾದ ಅಶ್ವದಳಗಳಲ್ಲಿಯೂ ಹೆಚ್ಚಿನವು ಶಿಲೇದಾರಿಯವು. ಅಲ್ಲಿಗೆ ಸೇರುವವನು ಕುದುರೆಗೆಂದೂ ಸಲಕರಣೆಗೆಂದೂ ನೂರಾರು ರೂಪಾಯಿಯನ್ನು ಮುಂಗಡವಾಗಿ ಕಟ್ಟಬೇಕು. ಅಷ್ಟು ಹಣವುಳ್ಳವನು ಕುದುರೆಯೇರಿದ, ಇಲ್ಲದವನು ನಡೆದ. ಕಾಲಾಳಾಗುವುದೆಂದರೆ ಬರಿಗೈಯಲ್ಲಿ ಹೋಗಬಹುದಾದ ಬಾಗಿಲು.

ಆ ಬಾಗಿಲಿನಲ್ಲಿ ನಿಂತು ಕರೆಯುತ್ತಿದ್ದವನೂ ಅಪರಿಚಿತನಲ್ಲ. ರಜೆಯ ಮೇಲೆ ಊರಿಗೆ ಬಂದ ಸಿಪಾಯಿಯು ಹಿಂದಿರುಗುವಾಗ ತನ್ನ ದೊಡ್ಡಪ್ಪನ ಮಗನನ್ನೋ ಸೋದರಳಿಯನನ್ನೋ ಜೊತೆಯಲ್ಲಿ ಕರೆದೊಯ್ಯುತ್ತಿದ್ದ. ದಳದ ಒಂದೊಂದು ಕಂಪನಿಯೂ ಒಂದೊಂದು ಕುಲದ್ದು: ಸಿಖ್ಖರದೊಂದು, ಪಂಜಾಬಿ ಮುಸಲ್ಮಾನರದೊಂದು, ಡೋಗ್ರರದೊಂದು. ಅಲ್ಲಿ ಹೇಡಿಯಾದವನು ಊರಿನಲ್ಲಿಯೂ ಹೇಡಿಯೇ. ಅಲ್ಲಿ ಬಿಲ್ಲೆ ಪಡೆದವನಿಗೆ ಊರಿನಲ್ಲಿ ಚಾರಪಾಯಿಯ ತಲೆದೆಸೆಯ ಆಸನ. ಇದರ ಮೇಲೆ, ದೀರ್ಘಕಾಲ ದುಡಿದವನಿಗೆ ಪಿಂಚಿನಿ. ಅದೃಷ್ಟವಿದ್ದವನಿಗೆ ಚೀನಾಬ್, ಝೀಲಂ ಕಾಲುವೆಗಳ ಕೆಳಗೆ ಹೊಸದಾಗಿ ಎದ್ದ ಬಡಾವಣೆಗಳಲ್ಲಿ ನೀರಾವರಿಯ ಭೂಮಿ. ಬೀಳುನೆಲದ ರೈತನಿಗೆ ಕಾಲುವೆಯ ಕೆಳಗಿನ ಒಂದು ಚೌಕ ಭೂಮಿಯೆಂದರೆ ಎಷ್ಟೆಂಬುದನ್ನು ನಮ್ಮ ವಿಶ್ವೇಶ್ವರಯ್ಯ ಕಾಲುವೆಯ ಬಯಲನ್ನು ಕಂಡವರಿಗೆ ವಿವರಿಸಬೇಕಾದುದಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಅಂಶವನ್ನು ಮರೆಯಬಾರದು. ಕಾಲ್ದಳಕ್ಕೆ ಸೇರಿದವನು ಶಾಂತಿಯ ಕಾಲದಲ್ಲಿ ಮೂರು ವರ್ಷ ಕಳೆದ ಮೇಲೆ ಬಿಡುಗಡೆ ಕೇಳಬಹುದಾಗಿತ್ತು. ಹೋಗುವಾಗ ಹಿಂದಿರುಗುವ ದಾರಿ ಕಾಣುತ್ತಿತ್ತು. ಯುದ್ಧ ಬಂದಾಗ ಆ ದಾರಿ ಮುಚ್ಚಿತು. 1912ರಲ್ಲಿ ಯೋಚಿಸಿ ಸರಿಯಾಗಿಯೇ ಲೆಕ್ಕ ಹಾಕಿದವನು 1914ರಲ್ಲಿ ಬೇರೊಂದು ಲೆಕ್ಕದೊಳಗೆ ಸಿಕ್ಕಿಕೊಂಡ.

1914ರ ಸೆಪ್ಟೆಂಬರ್ ಕಡೆಯ ವಾರ ಇಂಡಿಯಾದ ದಳಗಳು ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿದುವು. ಮೈಮೇಲೆ ನೂಲಿನ ಖಾಕಿ. ಮುಂದೆ ಬರುತ್ತಿದ್ದುದು ಫ್ಲಾಂಡರ್ಸಿನ ಚಳಿಗಾಲ. ಅಕ್ಟೋಬರ್ ಮುಗಿಯುವುದರೊಳಗೆ ಅವರು ಕಂದಕಗಳಲ್ಲಿದ್ದರು. ಅಕ್ಟೋಬರ್ 31ರಂದು ಹಾಲೆಬೆಕ್ ಎಂಬಲ್ಲಿ ಚಕ್ವಾಲ್ ಕಡೆಯ ಖುದಾದಾದ್ ಖಾನನು ತನ್ನ ಮೆಷಿನ್‌ಗನ್ನಿನ ಜೊತೆಗಾರರೆಲ್ಲರೂ ಸತ್ತ ಮೇಲೆಯೂ ಗುಂಡು ಹಾರಿಸುತ್ತಲೇ ಇದ್ದು, ಶತ್ರುಗಳು ಸತ್ತನೆಂದು ಬಿಟ್ಟುಹೋದಾಗ ತೆವಳಿಕೊಂಡು ತನ್ನವರನ್ನು ಸೇರಿದನು. ವಿಕ್ಟೋರಿಯಾ ಕ್ರಾಸ್ ಪಡೆದ ಇಂಡಿಯಾದ ಸಿಪಾಯಿಗಳಲ್ಲಿ ಅವನೇ ಮೊದಲಿಗ. ಅವನ ಹೆಸರು ಹಳ್ಳಿಹಳ್ಳಿಗಳಲ್ಲಿ ಹರಡಿದುದು ಸಹಜ. ಆದರೆ ಹರಡಿದುದು ಅದೊಂದೇ ಅಲ್ಲ. 1915ರ ಮಾರ್ಚಿಯಲ್ಲಿ ನ್ಯೂವ್ ಶಾಪೆಲ್ ಊರಿನ ಮೇಲೆ ನಡೆದ ನಾಲ್ಕು ದಿನಗಳ ಕಾಳಗದಲ್ಲಿ ಇಂಡಿಯಾದ ಸೇನಾಭಾಗಕ್ಕೆ ಸತ್ತವರು, ಗಾಯಗೊಂಡವರು, ಕಾಣದಾದವರು ಸೇರಿ ನಾಲ್ಕು ಸಾವಿರಕ್ಕೆ ಮೀರಿದ ನಷ್ಟವಾಯಿತು.

ಹಳ್ಳಿಗೆ ಈ ಸುದ್ದಿ ಹೋದುದು ಕಾಗದಗಳ ಮೂಲಕ. ಸಿಪಾಯಿಗಳಲ್ಲಿ ಬಹುಮಂದಿ ಓದುಬರಹ ಅರಿಯದವರು. ಬರೆಯಬಲ್ಲ ಜೊತೆಗಾರನಿಂದ ಬರೆಸುತ್ತಿದ್ದರು. ಊರಿನಲ್ಲಿ ಇನ್ನೊಬ್ಬನು ಎಲ್ಲರ ಮುಂದೆ ಓದುತ್ತಿದ್ದನು. ನಡುವೆ ಸರ್ಕಾರದ ತಪಾಸಣೆಯ ಕಛೇರಿ ಈ ಕಾಗದಗಳನ್ನು ತೆರೆದು, ತರ್ಜುಮೆ ಮಾಡಿ, ಸಿಪಾಯಿಗಳ ಮನಸ್ಸು ಹೇಗಿದೆಯೆಂದು ವರದಿ ಬರೆಯುತ್ತಿತ್ತು. ಆ ವರದಿಗಳ ಪ್ರಸಾದದಿಂದಲೇ ಅವರ ಮಾತು ನಮ್ಮವರೆಗೆ ಉಳಿದು ಬಂದಿದೆ. ತಡೆಯಲು ಹೊರಟ ಕೈಯೇ ಕಾಪಾಡಿತು. ತಮ್ಮನ್ನು ಸೈನ್ಯಕ್ಕೆ ಕಳುಹಿಸಬೇಡಿರೆಂದು ಎಚ್ಚರಿಸಿದ ಕಾಗದಗಳು ಅವುಗಳಲ್ಲಿವೆ. ತಪಾಸಣೆಯವರ ಕಣ್ಣು ತಪ್ಪಿಸಲು ಕೆಲವರು ಮೆಣಸಿನ ವ್ಯಾಪಾರದ ಮಾತಾಡುತ್ತಾರೆ: ಕರಿಮೆಣಸೆಂದರೆ ಇಂಡಿಯಾದವರು, ಕೆಂಪು ಮೆಣಸೆಂದರೆ ಬಿಳಿಯರು, ಯಾವುದು ಎಷ್ಟು ಖರ್ಚಾಯಿತು, ಯಾವುದು ಮುಗಿಯುತ್ತ ಬಂತು ಎಂದು ಬರೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ನೋಯಿಸಿದುದು ಮತ್ತೊಂದು ಸಂಗತಿ. ಒಮ್ಮೆ ಗಾಯಗೊಂಡವನು ತನ್ನ ಋಣವನ್ನು ತೀರಿಸಿದವನೆಂದು ಅವರ ನಂಬಿಕೆ. ಆಸ್ಪತ್ರೆಯಲ್ಲಿ ಗುಣವಾದವನನ್ನು ಪುನಃ ಕಂದಕಕ್ಕೆ ಕಳುಹಿಸಿದಾಗ, ತಾವು ಒಪ್ಪಿದ ಕರಾರು ಇದಲ್ಲವೆಂದು ಅವರಿಗೆ ತೋರಿತು. ಸಂಬಳ, ಮಾನ, ಭೂಮಿ ಇವುಗಳಿಗೆ ಪ್ರತಿಯಾಗಿ ತಾವು ಕೊಡುವುದಕ್ಕೆ ಒಂದು ಮಿತಿಯುಂಟೆಂದು ಅವರು ತಿಳಿದಿದ್ದರು. ಆ ಮಿತಿಯನ್ನು ಯಾರೂ ಕಾಗದದಲ್ಲಿ ಬರೆದುಕೊಟ್ಟಿರಲಿಲ್ಲ.

ಓದಿದವರ ವಿಚಾರವನ್ನೂ ಇಲ್ಲಿ ಒಂದು ಮಾತು ಹೇಳಬೇಕು. 1917ರವರೆಗೆ ಇಂಡಿಯಾದವನು ಎಷ್ಟೇ ಓದಿದ್ದರೂ ಸೈನ್ಯದಲ್ಲಿ ಸುಬೇದಾರನ ಮೆಟ್ಟಲಿಗಿಂತ ಮೇಲಕ್ಕೆ ಏರುವುದು ದುಸ್ತರವಾಗಿತ್ತು; ನಿನ್ನೆ ಬಂದ ಆಂಗ್ಲ ಯುವಕನಿಗೂ ನರೆತ ಮೀಸೆಯ ಸುಬೇದಾರನು ಸಲಾಮು ಹೊಡೆಯಬೇಕು. ಹೀಗಿದ್ದರೂ ಬಂಗಾಳದ ವಿದ್ಯಾರ್ಥಿಗಳೂ ಗುಮಾಸ್ತರೂ 1916–17ರಲ್ಲಿ ಸಾಮಾನ್ಯ ಕಾಲಾಳುಗಳಾಗಿ ಸೇರಿ 49ನೆಯ ಬೆಂಗಾಲಿ ದಳವನ್ನು ಕಟ್ಟಿದರು. ಬಂಗಾಳಿ ಬಾಬುವಿಗೆ ಬಂದೂಕು ಹಿಡಿಯಲು ಬಾರದೆಂಬ ಗೇಲಿಗೆ ಉತ್ತರ ಕೊಡುವುದೇ ಅವರಲ್ಲಿ ಅನೇಕರ ಉದ್ದೇಶ. ಶಾಲೆಯನ್ನು ಬಿಟ್ಟು 1917ರಲ್ಲಿ ಸೇರಿ, ಕರಾಚಿಯಲ್ಲಿ ಹವಾಲ್ದಾರನಾದ ಹುಡುಗನೊಬ್ಬನು ಮುಂದೆ ಕವಿ ಕಾಜಿ ನಜ್ರುಲ್ ಇಸ್ಲಾಮನೆಂದು ಪ್ರಸಿದ್ಧನಾದನು. ಇವರ ನಿರ್ಧಾರ ಪಂಜಾಬಿನ ಮೂರನೆಯ ಮಗನದಕ್ಕಿಂತ ಹೆಚ್ಚು ಸ್ವತಂತ್ರವಾದುದೆಂದು ಮೇಲುನೋಟಕ್ಕೆ ಕಾಣುತ್ತದೆ. ನಮಗೇನೋ ಅಷ್ಟು ಖಚಿತವಾಗಿ ತೋರುವುದಿಲ್ಲ. ಇವರನ್ನು ತಳ್ಳಿದುದು ಹೊಟ್ಟೆಯಲ್ಲ, ಬೇರೆಯವರ ನಗು; ಅದೂ ತಳ್ಳುವುದೇ.

1917ರ ಹೊತ್ತಿಗೆ ಪಂಜಾಬಿನಲ್ಲಿ ಹಳೆಯ ಉಪಾಯಗಳು ಸಾಲದಾದುವು. ಸರ್ಕಾರ ಊಟವನ್ನು ಉಚಿತವಾಗಿ ಕೊಟ್ಟಿತು. ಸೇರುವವನಿಗೆ 50 ರೂಪಾಯಿಯ ಇನಾಮು ಗೊತ್ತುಮಾಡಿತು. ಸೈನಿಕರಿಗೆಂದು ಲಕ್ಷಕ್ಕೂ ಮಿಕ್ಕ ಎಕರೆ ನೀರಾವರಿ ಭೂಮಿಯನ್ನು ಮೀಸಲಿಟ್ಟಿತು. ಅದಕ್ಕಿಂತ ಮುಖ್ಯವಾಗಿ, ರಂಗರೂಟುಗಳನ್ನು ಕೂಡಿಸುವ ಕೆಲಸವನ್ನು ಕಂದಾಯದ ಅಧಿಕಾರಿಗಳಿಗೆ ಹೊರಿಸಿತು. 1918ರ ಏಪ್ರಿಲಿನಲ್ಲಿ ದೆಹಲಿಯ ಯುದ್ಧ ಸಮ್ಮೇಳನವಾದ ಮೇಲೆ ಪಂಜಾಬಿನ ಪಾಲಿಗೆ ಬಂದ ಲೆಕ್ಕ ಸುಮಾರು ಎರಡು ಲಕ್ಷ ಜನ. ಲೆಫ್ಟಿನೆಂಟ್ ಗವರ್ನರು ಜಿಲ್ಲೆಗಳಿಗೆ ಹಂಚಿದ, ಜಿಲ್ಲೆಯವರು ತಹಸೀಲಿಗೆ, ತಹಸೀಲ್ದಾರನು ಜೈಲ್ದಾರನಿಗೆ, ಜೈಲ್ದಾರನು ಲಂಬರ್ದಾರನಿಗೆ. ನಮ್ಮ ಕಡೆಯ ಅಮಲ್ದಾರ, ಶೇಕ್‌ದಾರ, ಪಟೇಲ ಎಂದರೆ ಅರ್ಥವಾದೀತು. ಕಂದಾಯವನ್ನು ಎತ್ತುವ ಕೈಯೇ ಗಂಡಸರನ್ನೂ ಎತ್ತತೊಡಗಿತು. ಶಾಪುರ ಜಿಲ್ಲೆಯಲ್ಲಿ ಇದರಿಂದ ರೊಚ್ಚಿಗೆದ್ದ ಹಳ್ಳಿಯವರು ಒಬ್ಬ ತಹಸೀಲ್ದಾರನನ್ನು ಕೊಂದೇಬಿಟ್ಟರು.

ಅದೇ ವರ್ಷ ಗುಜರಾತಿನಲ್ಲಿ ಇದಕ್ಕೆ ವಿರುದ್ಧವಾದ ಒಂದು ಪ್ರಸಂಗ ನಡೆಯಿತು. ದೆಹಲಿಯ ಸಮ್ಮೇಳನಕ್ಕೆ ಹೋಗಿದ್ದ ಗಾಂಧಿಯವರು, ಖೇಡಾ ಜಿಲ್ಲೆಯ ಕಂದಾಯ ಸತ್ಯಾಗ್ರಹ ಮುಗಿದೊಡನೆ, ಅಹಿಂಸೆಯ ವ್ರತಿಗಳಾಗಿದ್ದೂ ಅದೇ ರೈತರ ಬಳಿಗೆ ಸಿಪಾಯಿಗಳನ್ನು ಬೇಡುತ್ತ ನಡೆದರು. ಸತ್ಯಾಗ್ರಹದ ಕಾಲದಲ್ಲಿ ಗಾಡಿಗಳನ್ನು ಕೇಳದೆಯೇ ಕೊಟ್ಟಿದ್ದ ಜನ ಈಗ ಬಾಡಿಗೆಗೂ ಕೊಡಲೊಲ್ಲದೆ ಹೋದರೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮೈಲಿಗಟ್ಟಲೆ ನಡೆದರು, ಸೇರಿದವರು ಬಹು ಸ್ವಲ್ಪ, ಕೊನೆಗೆ ಕಾಯಿಲೆ ಬಿದ್ದರು. ಖೇಡಾದ ರೈತನು ಬೇಡವೆನ್ನಬಲ್ಲವನಾದ. ಕೇಳಲು ಬಂದವರ ಹಿಂದೆ ತಹಸೀಲ್ದಾರನಿರಲಿಲ್ಲ.

ಇಂಗ್ಲೆಂಡಿನಲ್ಲಿ ಏನಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಸ್ವಇಚ್ಛೆಯ ಸೈನಿಕರು ಸಾಲದೆ, 1916ರ ಜನವರಿಯಲ್ಲಿ ಕಡ್ಡಾಯದ ಶಾಸನ ಬಂದಿತು. ಬಲಾತ್ಕಾರವೇ ಸರಿ. ಆದರೆ ಶಾಸನದೊಂದಿಗೆ ಊರೂರಿನಲ್ಲಿ ವಿಚಾರಣಾ ಮಂಡಲಿಗಳೂ ಬಂದುವು. ಮುದಿ ತಾಯಿಯೊಬ್ಬಳೇ ಇದ್ದಾಳೆ, ಅಂಗಡಿ ನೋಡುವವರಿಲ್ಲ, ಕೊಲ್ಲುವುದು ನನ್ನ ಅಂತಃಕರಣಕ್ಕೆ ಒಪ್ಪದು ಎಂದು ಒಬ್ಬನು ಅಲ್ಲಿ ನಿಂತು ಹೇಳಬಹುದಾಗಿತ್ತು. ಎಷ್ಟೋ ಸಲ ಒರಟಾಗಿ ಉತ್ತರ ಕೊಟ್ಟರು. ಆದರೂ ಕೇಳಿದರು, ಬರೆದಿಟ್ಟರು. ಪಂಜಾಬಿನಲ್ಲಿ ಶಾಸನವಿಲ್ಲ; ಆದ್ದರಿಂದ ಮಂಡಲಿಯೂ ಇಲ್ಲ. ಎಲ್ಲರೂ ತಾವಾಗಿ ಬಂದವರೆಂದ ಮೇಲೆ ಬರಲೊಲ್ಲೆನೆಂಬವನ ಅಹವಾಲಿಗೆ ಜಾಗವೆಲ್ಲಿ?

ಇಂಡಿಯಾದ ಸುಮಾರು 74,000 ಜನ ಆ ಯುದ್ಧದಿಂದ ಹಿಂದಿರುಗಲಿಲ್ಲ. ಅವರನ್ನು ಕೂಲಿಗೆ ಕಾದಿದವರೆಂದು ಹಳಿದವರುಂಟು, ಸಾಮ್ರಾಜ್ಯದ ವೀರರೆಂದು ಹೊಗಳಿದವರುಂಟು. ಎರಡು ಮಾತೂ ಪಟ್ಟಿಗೆ ಹೆಸರೇರಿದ ಮೇಲಿನ ಮನುಷ್ಯನನ್ನು ಕುರಿತವು. ಮನೆಯ ಮುಂದೆ ಕುಳಿತು ಮಳೆಯನ್ನೂ ಸಾಲವನ್ನೂ ಎಣಿಸುತ್ತಿದ್ದವನನ್ನು ಕುರಿತವಲ್ಲ.

ಚಕ್ವಾಲಿನ ಸೀಮೆಯಲ್ಲಿ ದುಲ್ಮಿಯಾಲ್ ಎಂಬ ಹಳ್ಳಿಯೊಂದಿದೆ. ಆ ಒಂದು ಊರಿನಿಂದ 460 ಗಂಡಸರು ಯುದ್ಧಕ್ಕೆ ಹೋದರು. ಯುದ್ಧ ಮುಗಿದ ಮೇಲೆ, 1925ರಲ್ಲಿ, ಸರ್ಕಾರ ಮೆಚ್ಚುಗೆಯ ಗುರುತಾಗಿ ಆ ಊರಿಗೆ ಒಂದು ಫಿರಂಗಿಯನ್ನು ಕೊಟ್ಟಿತು. ಆ ಹಳ್ಳಿಯನ್ನು ಜನ ಇಂದಿಗೂ ಫಿರಂಗಿಯ ಊರೆಂದು ಕರೆಯುತ್ತಾರೆ.