ಜೋಂಕ್ಯೇರ್‌ನಲ್ಲಿ ಮುಚ್ಚಿದ ಅಂಗಡಿ

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿಯ ನೂರಕ್ಕೆ 77ರಷ್ಟು ಪಾಲನ್ನು ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ 2018ರಲ್ಲಿ ಸುಮಾರು 1,600 ಕೋಟಿ ಡಾಲರ್ ತೆತ್ತು ಕೊಂಡಿತು. ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮ್ಮ ಮನೆಗಳಿಗೆ ಬರುವ ಎಷ್ಟೋ ಪೊಟ್ಟಣಗಳ ಹಿಂದೆ ಈಗ ಆ ಧಣಿಯಿದ್ದಾನೆ. ಅವನ ಪೂರ್ವೋತ್ತರವನ್ನು ನಾವು ತುಸು ತಿಳಿದಿರುವುದು ಒಳ್ಳೆಯದು.

ಅರ್ಕಾನ್ಸಾ ಪ್ರಾಂತದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ 1962ರಲ್ಲಿ ಸ್ಯಾಮ್ ವಾಲ್ಟನ್ ಮೊದಲ ವಾಲ್‌ಮಾರ್ಟ್ ಅಂಗಡಿಯನ್ನು ತೆರೆದರು. ಒಂದೊಂದು ಸಾಮಾನಿನ ಮೇಲೆ ಲಾಭ ಕಡಿಮೆ, ಮಾರಾಟ ಅಪಾರ. ಇದೇ ಅವರ ವ್ಯಾಪಾರದ ಗುಟ್ಟು. ನಮ್ಮ ಪೇಟೆಯ ಶೆಟ್ಟರಿಗೆ ತಿಳಿಯದ ಗುಟ್ಟೇನಲ್ಲ. ಆದರೆ ಲಾಭ ತೆಳುವಾದಲ್ಲಿ ಖರ್ಚನ್ನು ಬಿಗಿಹಿಡಿಯಬೇಕು; ಖರ್ಚಿನಲ್ಲಿ ಮೊದಲು ಕೈಗೆಟಕುವುದು ಕೆಲಸಗಾರರ ಸಂಬಳ. ಕಾರ್ಮಿಕ ಸಂಘವೆಂದರೆ ಈ ಸಂಸ್ಥೆಗೆ ಆಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಟೆಕ್ಸಸ್‌ನ ಜಾಕ್ಸನ್‌ವಿಲ್ ಅಂಗಡಿಯಲ್ಲಿ ಮಾಂಸ ಕತ್ತರಿಸುವ ವಿಭಾಗದವರು 2000ದ ಫೆಬ್ರವರಿಯಲ್ಲಿ ಮತ ಹಾಕಿ ಸಂಘ ಸೇರಿದರು; ಪರವಾಗಿ ಏಳು, ವಿರುದ್ಧ ಮೂರು. ಇನ್ನು ಮುಂದೆ ಕತ್ತರಿಸಿ ಕಟ್ಟಿದ ಮಾಂಸವನ್ನೇ ತರಿಸುವುದಾಗಿ ಸಂಸ್ಥೆ ಸಾರಿದ್ದು ಎರಡು ವಾರಗಳೊಳಗೆ. ಅದು ಮೊದಲೇ ಹಾಕಿಕೊಂಡಿದ್ದ ಯೋಜನೆಯೆಂದು ಸಮಜಾಯಿಷಿ ಬಂತು. ಇರಬಹುದು!

ಕೆನಡದ ಕ್ವಿಬೆಕ್ ಪ್ರಾಂತದ ಜೋಂಕ್ಯೇರ್‌ನಲ್ಲಿ ಒಂದು ವಿಭಾಗವಲ್ಲ, ಇಡೀ ಅಂಗಡಿಯೇ ಹೋಯಿತು. 2004ರ ಆಗಸ್ಟ್‌ನಲ್ಲಿ ಅಲ್ಲಿಯ ಸಂಘಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಸಂಬಳ-ಸವಲತ್ತುಗಳ ಒಪ್ಪಂದದ ಮಾತುಕತೆ ಕುದುರಲಿಲ್ಲ. ವ್ಯವಹಾರದ ಕಾರಣಗಳಿಗಾಗಿ ಅಂಗಡಿ ಮುಚ್ಚುವೆವೆಂದು 2005ರ ಫೆಬ್ರವರಿಯಲ್ಲಿ ಪ್ರಕಟಿಸಿ, ಏಪ್ರಿಲ್‌ನಲ್ಲಿ ಮುಚ್ಚಿಯೇಬಿಟ್ಟರು. ಸುಮಾರು 190 ಮಂದಿಯ ಕೆಲಸ ಹೋಯಿತು. ಮಿಕ್ಕ ಊರುಗಳ ಅಂಗಡಿಗಳಲ್ಲಿ ದುಡಿಯುತ್ತಿದ್ದವರು ಇದರಿಂದ ಏನು ಅರ್ಥಮಾಡಿಕೊಂಡಿರಬೇಕೆಂಬುದನ್ನು ಓದುಗರೇ ಊಹಿಸಬಲ್ಲರು.

ಅದೇ 2005ರ ಅಕ್ಟೋಬರಿನಲ್ಲಿ ಸಂಸ್ಥೆಯ ಮುಖ್ಯಸ್ಥ ಲೀ ಸ್ಕಾಟ್ ಪರಿಸರ ರಕ್ಷಣೆಯ ದೊಡ್ಡ ಸಂಕಲ್ಪವನ್ನು ಘೋಷಿಸಿದರು. ಆ ದಾರಿಯಲ್ಲಿ ಕೆಲಸವೇ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2013ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯಗಳ ಮುಂದೆ ಸಂಸ್ಥೆ ಒಪ್ಪಿಕೊಂಡ ತಪ್ಪು ಗಮನಾರ್ಹ. ಅಂಗಡಿಗಳಲ್ಲಿ ಉಳಿದ, ಒಡೆದ ಅಪಾಯಕರ ಪದಾರ್ಥಗಳನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ತರಬೇತಿಯನ್ನೇ 2006ರ ಆರಂಭದವರೆಗೆ ಕೆಲಸಗಾರರಿಗೆ ಕೊಟ್ಟಿರಲಿಲ್ಲ! ಅವು ಕಸದ ತೊಟ್ಟಿಗೂ ಚರಂಡಿಗೂ ಸೇರಿದ್ದುವು. ದಂಡ ಸುಮಾರು 8 ಕೋಟಿ 16 ಲಕ್ಷ ಡಾಲರ್. ಕಲಿಸುವುದರಲ್ಲಿ ಉಳಿಸಿದ ಕಾಸು ನೀರಿಗೆ ವಿಷವಾಗಿ ಹೋಯಿತು. ಸಂಬಳದ ಪ್ರಶ್ನೆ, ಪರಿಸರದ ಪ್ರಶ್ನೆ ಎಂದು ಇವನ್ನು ಬೇರೆಬೇರೆ ಕಪಾಟಿನಲ್ಲಿಡುವುದು ನಮಗೆ ಸರಿಕಾಣದು.

ಇತ್ತ ಜೋಂಕ್ಯೇರ್‌ನವರು ಪಟ್ಟುಬಿಡಲಿಲ್ಲ. ಕೋರ್ಟಿನಲ್ಲಿ ಒಮ್ಮೆ, 2009ರಲ್ಲಿ, ಸೋತರು. ಬೇರೊಂದು ಕಲಮಿನ ಆಧಾರದ ಮೇಲೆ ನಡೆದ ಇನ್ನೊಂದು ಮೊಕದ್ದಮೆಯಲ್ಲಿ 2014ರ ಜೂನ್‌ನಲ್ಲಿ ಕೆನಡದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು: ಒಪ್ಪಂದ ಕುದುರುವ ಮುನ್ನ, ಸರಿಯಾದ ಕಾರಣ ತೋರಿಸದೆ ಕೆಲಸದ ಷರತ್ತುಗಳನ್ನು ಬದಲಿಸಿದ್ದು ಕಾನೂನಿಗೆ ವಿರುದ್ಧ. ಪರಿಹಾರ ಗೊತ್ತುಮಾಡುವ ಕೆಲಸವನ್ನು ಮಧ್ಯಸ್ಥಗಾರರಿಗೆ ಒಪ್ಪಿಸಲಾಯಿತು. ಅಷ್ಟರಲ್ಲಿ ಅಂಗಡಿ ಮುಚ್ಚಿ ಒಂಬತ್ತು ವರ್ಷವಾಗಿತ್ತು.