ನ್ಯಾಯಾಲಯದಿಂದ ಮಾನವಶಾಸ್ತ್ರಕ್ಕೆ: ಶರಚ್ಚಂದ್ರ ರಾಯರ ಸಾಧನೆ

ಭಾರತೀಯ ಮಾನವಶಾಸ್ತ್ರದ ಆದ್ಯರಲ್ಲಿ ಗಣ್ಯರಾದ ಶರಚ್ಚಂದ್ರ ರಾಯರು ಆ ಶಾಸ್ತ್ರವನ್ನು ಯಾವ ವಿದ್ಯಾಪೀಠದಲ್ಲಿಯೂ ಕಲಿತವರಲ್ಲ. 1871ರಲ್ಲಿ ಬಂಗಾಳದ ಖುಲ್ನಾ ಸೀಮೆಯಲ್ಲಿ ಜನಿಸಿದ ಅವರು ಇಂಗ್ಲಿಷಿನಲ್ಲಿ ಎಂ.ಎ. ಪದವಿಯನ್ನೂ ಬಳಿಕ ಕಾನೂನು ಪದವಿಯನ್ನೂ ಪಡೆದು, ರಾಂಚಿಯ ಮಿಷನ್ ಶಾಲೆಯೊಂದರಲ್ಲಿ ಕೆಲಕಾಲ ಉಪಾಧ್ಯಾಯರಾಗಿದ್ದು, ಅಲ್ಲಿಯೇ ವಕೀಲಿ ವೃತ್ತಿಯನ್ನು ಕೈಗೊಂಡರು. ಅವರ ಪಾಂಡಿತ್ಯದ ಮೂಲವನ್ನು ನಾವು ಹುಡುಕಬೇಕಾದುದು ಗ್ರಂಥಾಲಯದಲ್ಲಲ್ಲ, ಆ ನ್ಯಾಯಾಲಯದಲ್ಲಿ.

ರಾಯರು ಬಂದಾಗ ಛೋಟಾ ನಾಗಪುರವು ಶಾಂತವಾಗಿರಲಿಲ್ಲ. 1899-1900ರಲ್ಲಿ ಬಿರ್ಸಾ ಮುಂಡಾರ ನೇತೃತ್ವದಲ್ಲಿ ದಂಗೆಯೆದ್ದಿತು. ಬಿರ್ಸಾ 1900ರ ಜೂನ್ ತಿಂಗಳಲ್ಲಿ ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡರು. ಆ ಕಿಚ್ಚಿನ ಅಡಿಯಲ್ಲಿದ್ದುದು ಭೂಮಿಯ ಪ್ರಶ್ನೆ. ಕಾಡನ್ನು ಕಡಿದು ಊರು ಕಟ್ಟಿದವರ ಸಂತತಿಯೇ ಆ ನೆಲಕ್ಕೆ ಸಮೂಹವಾಗಿ ಒಡೆಯರೆಂಬುದು ಮುಂಡರ ಖೂಂಟ್‌ಕಟ್ಟಿ ಪದ್ಧತಿ. ಹಿರಿಯರ ಅಸ್ಥಿಗಳ ಮೇಲೆ ನೆಟ್ಟ ಕಲ್ಲುಗಳೇ ಅವರಿಗೆ ಹಕ್ಕುಪತ್ರ. ಜಮೀನ್ದಾರನ ಕೈಯಲ್ಲಾದರೋ ಕಾಗದವಿತ್ತು. ಕಲ್ಲಿನ ಸಾಕ್ಷ್ಯವನ್ನು ಓದಬಲ್ಲವರು ನ್ಯಾಯಪೀಠದಲ್ಲಿರಲಿಲ್ಲ. ಮುಂಡರ ಮಾತಾದರೂ ದುಭಾಷಿಯ ಬಾಯಿಂದಲೇ ಅಲ್ಲಿಗೆ ತಲಪಬೇಕಾಗಿತ್ತು.

ಈ ಅಂತರವೇ ರಾಯರನ್ನು ಹಳ್ಳಿಗಳಿಗೆ ಕರೆದೊಯ್ದಿತು. ಕಕ್ಷಿಗಾರರ ಭಾಷೆಯನ್ನೂ ಕುಲಕಟ್ಟಳೆಗಳನ್ನೂ ಅರಿಯದೆ ಅವರ ಪರವಾಗಿ ವಾದಿಸುವುದಾದರೂ ಹೇಗೆ? ಈ ಅರಿವಿನ ಫಲವಾಗಿ ಮುಂಡರನ್ನು ಕುರಿತ ಗ್ರಂಥವು 1912ರಲ್ಲಿಯೂ ಓರಾವರನ್ನು ಕುರಿತುದು 1915ರಲ್ಲಿಯೂ ಬಿರ್ಹೋರರನ್ನು ಕುರಿತುದು 1925ರಲ್ಲಿಯೂ ಪ್ರಕಟವಾದುವು. 1921ರಲ್ಲಿ ಅವರು ‘ಮ್ಯಾನ್ ಇನ್ ಇಂಡಿಯಾ’ ಎಂಬ ತ್ರೈಮಾಸಿಕವನ್ನು ಸ್ಥಾಪಿಸಿದರು.

ಆದರೆ ಅತಿಸ್ತುತಿ ಸಲ್ಲದು. ಖೂಂಟ್‌ಕಟ್ಟಿ ಹಕ್ಕನ್ನು ಅಂಗೀಕರಿಸಿದ 1908ರ ಛೋಟಾ ನಾಗಪುರ ಗೇಣಿ ಶಾಸನವು ರಾಯರ ಗ್ರಂಥಗಳಿಗಿಂತ ಹಿಂದಿನದು. ಅದರ ಹಿಂದೆ ಮುಂಡರ ಬಲಿದಾನವೂ ಹಾಫ್‌ಮನ್ ಪಾದ್ರಿಗಳ ಶ್ರಮವೂ ಇವೆ. ರಾಯರು ಬರೆದುದು ಇಂಗ್ಲಿಷಿನಲ್ಲಿ. ಯಾರನ್ನು ಕುರಿತು ಬರೆದರೋ ಅವರಲ್ಲಿ ಬಹುಮಂದಿಗೆ ಅದು ಎಟುಕದ ಭಾಷೆ. ಆದರೂ ಅವರ ದೃಷ್ಟಿ ನಿಂತಲ್ಲೇ ನಿಲ್ಲಲಿಲ್ಲ. 1938ರ ಲೇಖನವೊಂದರಲ್ಲಿ ಅವರು, ಹೊರಗಿನ ವಸ್ತುನಿಷ್ಠ ಪರಿಶೀಲನೆ ಮಾತ್ರವೇ ಸಾಲದು, ತನ್ನನ್ನು ಮರೆತು ಆ ಸಮಾಜದೊಡನೆ ಒಂದಾಗುವ ಧ್ಯಾನವೂ ಸಂಶೋಧಕನಿಗೆ ಬೇಕೆಂದು ಪ್ರತಿಪಾದಿಸಿದರು.

ಇಲ್ಲಿ ಮೈಸೂರಿನ ಎಚ್.ವಿ. ನಂಜುಂಡಯ್ಯನವರ ಸ್ಮರಣೆ ಸಹಜ. ಅವರೂ ಕಾನೂನು ಬಲ್ಲವರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮ ಅಧ್ಯಕ್ಷರಾದವರು. ಮೈಸೂರಿನ ಜಾತಿ-ಬುಡಕಟ್ಟುಗಳ ಸಮೀಕ್ಷೆಗೆ ಅವರು ಕೂಡಿಸಿದ ಸಾಮಗ್ರಿಯನ್ನು, 1920ರಲ್ಲಿ ಅವರು ತೀರಿಕೊಂಡ ಬಳಿಕ, ಅನಂತಕೃಷ್ಣ ಅಯ್ಯರ್ ಅವರು ಗ್ರಂಥರೂಪಕ್ಕೆ ತಂದರು. ಆದರೆ ನಂಜುಂಡಯ್ಯನವರದು ಸಂಸ್ಥಾನವು ವಹಿಸಿದ ಕಾರ್ಯ. ರಾಯರದು ಕಕ್ಷಿಗಾರರ ಸಂಕಟವು ಹಚ್ಚಿದ ಕಾರ್ಯ. ಈ ಭೇದವನ್ನು ನಾವು ಗಮನಿಸಬೇಕು.

ರಾಯರು 1942ರಲ್ಲಿ ನಿಧನರಾದರು. ಪರಭಾಷೆಯ ನಾಡಿಗೆ ಜೀವನೋಪಾಯಕ್ಕಾಗಿ ಬಂದು, ಆ ನೆಲದವರ ಮಾತನ್ನು ಕಲಿತು, ಅವರ ಕಲ್ಲುಗಳಿಗೂ ಸಾಕ್ಷ್ಯದ ಬೆಲೆಯುಂಟೆಂದು ತೋರಿಸಿಕೊಟ್ಟವರು ಅವರು. ದಿನವೂ ಕಾಗದಪತ್ರಗಳನ್ನೇ ನಂಬಿ ವ್ಯವಹರಿಸುವ, ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರು ಅವರ ಬಾಳಿನಿಂದ ಕಲಿಯಬೇಕಾದುದು ಇನ್ನೂ ಬಹಳವಿದೆ.